ಬೆನ್ನು ನೋವಿಗೆ ಮನೆಯ ಮದ್ದು, ಗದ್ದೆಯ ಮದ್ದು



ಶ್ರಾವಣದ ಒಂದು ಮಧ್ಯಾಹ್ನ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ನಾಲೆಯ ಕೆಳಗಿನ ಗದ್ದೆಯೊಂದರಲ್ಲಿ ನಾನು ಕೆಲಸದಲ್ಲಿದ್ದೆ. ನಾಟಿ ಮುಗಿದ ತಾಕಿನಲ್ಲಿ ಮರದ ಚೌಕಟ್ಟು ಇಟ್ಟು, ಒಂದು ಚದರ ಮೀಟರಿಗೆ ಎಷ್ಟು ಬುಡ ಬಿದ್ದಿದೆ ಎಂದು ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಆ ದಿನದ ಕೆಲಸ. ಅಷ್ಟರಲ್ಲಿ ನಾಟಿ ಹೆಂಗಸರು ಊಟಕ್ಕೆಂದು ಬದುವಿನ ಮೇಲೆ ಬಂದರು. ಅವರಲ್ಲಿ ಅರವತ್ತು ದಾಟಿದ ಅಜ್ಜಿಯೊಬ್ಬರು ಎರಡು ಕೈಯನ್ನೂ ಸೊಂಟದ ಹಿಂದಕ್ಕೆ ಕೊಟ್ಟು ನಿಧಾನವಾಗಿ ನೆಟ್ಟಗಾದರು. ನನ್ನ ಪುಸ್ತಕವನ್ನು ನೋಡಿ, "ಏನ್ ಸ್ವಾಮಿ, ಪೈರಿನ ಬುಡ ಎಣಿಸ್ತಾ ಇದ್ದೀರಿ. ನಮ್ ನಡ ಎಷ್ಟು ಸಲ ಬಗ್ತು ಅಂತ ಯಾವತ್ತಾದ್ರೂ ಎಣಿಸಿದ್ದೀರಾ?" ಎಂದರು. ಜೊತೆಯವರು ನಕ್ಕರು. ನಾನೂ ನಕ್ಕೆ. ಆದರೆ ಭತ್ತದ ಸಾಲಿನ ಅಂತರದ ಮೇಲೆಯೇ ಡಾಕ್ಟರೇಟ್ ಪ್ರಬಂಧ ಬರೆದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಅಂದು ಸಂಜೆ ಲೆಕ್ಕ ಹಾಕಿದೆ. ನಾವು ಶಿಫಾರಸು ಮಾಡುವ 20 × 10 ಸೆಂ.ಮೀ. ಅಂತರದಲ್ಲಿ ಚದರ ಮೀಟರಿಗೆ 50 ಬುಡ ಬೀಳುತ್ತದೆ. ಎಕರೆಗೆ 4,047 ಚದರ ಮೀಟರು. ಅಂದರೆ ಒಂದು ಎಕರೆಗೆ ಎರಡು ಲಕ್ಷಕ್ಕೂ ಮಿಕ್ಕಿ ಬುಡ. ಹನ್ನೆರಡು ಹೆಣ್ಣಾಳು ಒಂದು ದಿನದಲ್ಲಿ ಎಕರೆ ನಾಟಿ ಮುಗಿಸಿದರೆಂದು ಇಟ್ಟುಕೊಂಡರೆ, ಒಬ್ಬೊಬ್ಬಳ ಪಾಲಿಗೆ ಸುಮಾರು ಹದಿನೇಳು ಸಾವಿರ ಸಲ ಕೈ ಕೆಸರಿಗೆ ಇಳಿಯಬೇಕು. 20 × 15 ಸೆಂ.ಮೀ. ಅಂತರವಾದರೂ ಹನ್ನೊಂದು ಸಾವಿರಕ್ಕೆ ಕಡಿಮೆಯಿಲ್ಲ. ಅಷ್ಟು ಸಲ ಬಗ್ಗಿ ಏಳುವುದಿಲ್ಲ ನಿಜ. ಬಗ್ಗಿದವರು ಬಗ್ಗಿಯೇ ಇರುತ್ತಾರೆ. ಅದು ಇನ್ನೂ ಕೆಟ್ಟದ್ದು.

ಬೆನ್ನು ನೋವು ನಮ್ಮ ಭಾಗಕ್ಕೆ ಮಾತ್ರ ಸೇರಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಪ್ರಪಂಚದಲ್ಲಿ 61.9 ಕೋಟಿ ಜನ ಸೊಂಟ ನೋವಿನಿಂದ ನರಳುತ್ತಿದ್ದರು. ಆದರೆ 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಹೊಸ ನಾಲೆಗಳಲ್ಲಿ ನೀರು ಹರಿದ ಮೇಲೆ, ನಂಜನಗೂಡು ಮತ್ತು ಟಿ. ನರಸೀಪುರದಲ್ಲಿ ರಾಗಿ ಜೋಳದ ಹೊಲಗಳೆಷ್ಟೋ ಗದ್ದೆಗಳಾದವು. ಹುಲ್ಲಹಳ್ಳಿಯ ಹಳೆಯ ಕಟ್ಟೆ, ತಲಕಾಡಿನ ಬಳಿಯ ಮಾಧವಮಂತ್ರಿ ಕಟ್ಟೆ ಇವುಗಳ ಕೆಳಗೆ ಮೊದಲಿನಿಂದಲೂ ಭತ್ತವಿತ್ತು. ಗದ್ದೆ ಹೆಚ್ಚಿದಂತೆ ಬಗ್ಗುವ ಕೆಲಸವೂ ಹೆಚ್ಚಿತು. ಅದರ ಮೇಲೆ ಕಬ್ಬು ಬಂತು, ಹಿಪ್ಪುನೇರಳೆ ಬಂತು. ಇಂದು ಈ ಎರಡು ತಾಲ್ಲೂಕುಗಳ ಯಾವ ಊರಿಗೆ ಹೋದರೂ "ನಡ ಇಡ್ಕಂಡದೆ" ಎಂಬ ಮಾತು ಕೇಳದೆ ಹಿಂದಿರುಗುವುದು ಕಷ್ಟ.

ನೋವು ಎಲ್ಲಿಂದ ಬರುತ್ತದೆ?

ಏತದಲ್ಲಿ ನೀರೆತ್ತಿದ ಹಿರಿಯರಿಗೆ ಇದನ್ನು ವಿವರಿಸುವುದು ಸುಲಭ. ಏತದ ಉದ್ದನೆಯ ತುದಿಯಲ್ಲಿ ನೀರಿನ ಪಾತ್ರೆ, ಗಿಡ್ಡ ತುದಿಯಲ್ಲಿ ಕಲ್ಲು. ಕಲ್ಲನ್ನು ಆಧಾರದ ಕಂಬಕ್ಕೆ ಹತ್ತಿರ ಕಟ್ಟಿದಷ್ಟೂ ಅದೇ ನೀರನ್ನು ಎತ್ತಲು ಹೆಚ್ಚು ಭಾರದ ಕಲ್ಲು ಬೇಕು. ನಮ್ಮ ಬೆನ್ನುಮೂಳೆಯೂ ಹೀಗೆಯೇ. ಬಗ್ಗಿದಾಗ ದೇಹವನ್ನು ಹಿಂದಕ್ಕೆ ಎಳೆದು ಹಿಡಿಯುವ ಸ್ನಾಯುಗಳು ಮೂಳೆಯ ನಡುವಿನಿಂದ ಕೇವಲ 5 ಸೆಂ.ಮೀ. ಹಿಂದಿವೆ. ಕೈಯಲ್ಲಿರುವ ಭಾರವಾದರೋ 50 ಸೆಂ.ಮೀ. ಮುಂದಿರುತ್ತದೆ. 10 ಕೆ.ಜಿ. ಗೊಬ್ಬರದ ಮಂಕರಿಯನ್ನು ಕೈಚಾಚಿ ಎತ್ತಿದರೆ ಸ್ನಾಯುಗಳು 100 ಕೆ.ಜಿ.ಯಷ್ಟು ಬಲದಿಂದ ಎಳೆಯಬೇಕಾಗುತ್ತದೆ. ಬರಿಗೈಯಲ್ಲಿ ಬಗ್ಗಿದರೂ ತಲೆ, ತೋಳು, ಎದೆ ಎಲ್ಲ ಸೇರಿ ಮೈತೂಕದ ಸರಿಸುಮಾರು ಅರ್ಧದಷ್ಟು ಮುಂದಕ್ಕೆ ಜೋತುಬೀಳುತ್ತದೆ.

ಈ ಎಳೆತವೆಲ್ಲ ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತೆಯಂಥ ಬಿಲ್ಲೆಗಳ ಮೇಲೆ ಬೀಳುತ್ತದೆ. ವೈದ್ಯರು ಇದನ್ನು ಡಿಸ್ಕ್ ಎನ್ನುತ್ತಾರೆ. ಸ್ವೀಡನ್ ದೇಶದ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಡಿಸ್ಕಿಗೇ ಸೂಜಿ ಚುಚ್ಚಿ ಒತ್ತಡವನ್ನು ಅಳೆದರು. ಅವರ ಅಳತೆಗಳಂತೆ ನೆಟ್ಟಗೆ ನಿಂತಾಗ ಇರುವ ಒತ್ತಡ ಮುಂದಕ್ಕೆ ಬಾಗಿದಾಗ ಸುಮಾರು ಒಂದೂವರೆ ಪಟ್ಟು, ಭಾರ ಹಿಡಿದು ಬಾಗಿದಾಗ ಎರಡು ಪಟ್ಟಿಗೂ ಹೆಚ್ಚಾಗುತ್ತದೆ.

ಇನ್ನೊಂದು ವಿಷಯವನ್ನು ನಮ್ಮಲ್ಲಿ ಬಹಳ ಜನ ಗಮನಿಸಿಲ್ಲ. ರಾತ್ರಿ ಮಲಗಿದಾಗ ಈ ಬಿಲ್ಲೆಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಮೊದಲ ಒಂದು ಗಂಟೆ ಅವು ಬಿಗಿಯಾಗಿರುತ್ತವೆ, ಆಗ ಬಗ್ಗಿದರೆ ಪೆಟ್ಟು ಹೆಚ್ಚು. ನಮ್ಮ ಹೆಣ್ಣುಮಕ್ಕಳು ಆ ಒಂದು ಗಂಟೆಯಲ್ಲಿ ಏನು ಮಾಡುತ್ತಾರೆ? ಗಿಡ್ಡ ಪೊರಕೆಯಲ್ಲಿ ಅಂಗಳ ಗುಡಿಸುತ್ತಾರೆ, ಸಾರಿಸುತ್ತಾರೆ, ರಂಗೋಲಿ ಇಡುತ್ತಾರೆ, ಕೊಟ್ಟಿಗೆಯ ಸಗಣಿ ಬಾಚುತ್ತಾರೆ. ನಾಟಿಯ ಗದ್ದೆಗೆ ಇಳಿಯುವ ಮೊದಲೇ ಒಂದು ಗದ್ದೆಯಷ್ಟು ಬಗ್ಗಿರುತ್ತಾರೆ. ಪೊರಕೆಗೆ ಎದೆಮಟ್ಟದ ಬಿದಿರು ಗಳ ಕಟ್ಟಿಕೊಡಲು ಹತ್ತು ನಿಮಿಷ ಸಾಕು. ಗಂಡಸರು ಇದನ್ನು ಓದುತ್ತಿದ್ದರೆ ಪುಸ್ತಕ ಕೆಳಗಿಟ್ಟು ಮೊದಲು ಆ ಕೆಲಸ ಮಾಡಿ ಬನ್ನಿ.

ಮನೆಯ ಮದ್ದು

ನಂಜನಗೂಡು ಮೊದಲಿನಿಂದಲೂ ಕಾಯಿಲೆಯವರು ಹುಡುಕಿಕೊಂಡು ಬರುವ ಊರು. ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣು ಗುಣವಾಯಿತೆಂದು ದೇವರನ್ನು ಹಕೀಂ ನಂಜುಂಡ ಎಂದು ಕರೆದ ಕಥೆ ಎಲ್ಲರಿಗೂ ಗೊತ್ತು. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಆರಂಭಿಸಿದ್ದೂ, ಮುಂದೆ ಮನೆಮನೆಗೆ ಹೋದ ಹಲ್ಲುಪುಡಿ ತಯಾರಾದದ್ದೂ ಇದೇ ಊರಿನಲ್ಲಿ. ಹೀಗಾಗಿ ಇಲ್ಲಿನ ಜನಕ್ಕೆ ಸೊಪ್ಪು ಸದೆಯ ಮದ್ದಿನ ಬಗ್ಗೆ ನಾನು ಹೊಸದಾಗಿ ಹೇಳಬೇಕಾದದ್ದು ಹೆಚ್ಚೇನಿಲ್ಲ. ಯಾವುದು ನಿಜವಾಗಿ ಹಿತ, ಯಾವುದು ಅಪಾಯ ಎಂಬುದನ್ನು ಮಾತ್ರ ಹೇಳುತ್ತೇನೆ.

ಮೊದಲಿಗೆ ಸಮಾಧಾನದ ಮಾತು. ಕೆಲಸದಿಂದ ಹಿಡಿದುಕೊಂಡ ಸಾಧಾರಣ ಸೊಂಟ ನೋವು ಬಹುಪಾಲು ಜನರಲ್ಲಿ ಆರು ವಾರದೊಳಗೆ ತಾನಾಗಿ ತಗ್ಗುತ್ತದೆ. ಮನೆಯ ಮದ್ದಿನ ಕೆಲಸ ಆ ದಿನಗಳನ್ನು ಸಹಿಸುವಂತೆ ಮಾಡುವುದು. ಹಿಂದೆ "ಹದಿನೈದು ದಿನ ಹಾಸಿಗೆ ಬಿಟ್ಟು ಏಳಬೇಡಿ" ಎಂದು ವೈದ್ಯರೇ ಹೇಳುತ್ತಿದ್ದರು. ಈಗ ಆ ಸಲಹೆ ಬದಲಾಗಿದೆ. ತೀರ ಅಸಹನೀಯವಾದರೆ ಒಂದೆರಡು ದಿನ ಮಲಗಿ, ಅನಂತರ ಮೆಲ್ಲಗೆ ಓಡಾಡಬೇಕು. ಮಲಗಿಯೇ ಇದ್ದರೆ ಸ್ನಾಯುಗಳು ಸೊರಗಿ ನೋವು ಬೇರೂರುತ್ತದೆ. ಸೊಂಟಕ್ಕೆ ಬಿಗಿಯುವ ಪಟ್ಟಿಯನ್ನು ಬಹಳ ಜನ ಕೊಂಡು ಕಟ್ಟಿಕೊಳ್ಳುತ್ತಾರೆ. ಹಳೆಯ ನೋವಿಗೆ ಅದನ್ನು ವಾಡಿಕೆಯಾಗಿ ಕಟ್ಟಬೇಕಿಲ್ಲ ಎಂಬುದೇ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗದರ್ಶಿಯ ಅಭಿಪ್ರಾಯ.

ಮನೆಯ ಮದ್ದುಗಳಲ್ಲಿ ಹೆಚ್ಚು ನೆಚ್ಚಬಹುದಾದದ್ದು ಶಾಖ. ಬಿಸಿ ತಾಗಿದಾಗ ಬಿಗಿದ ಸ್ನಾಯು ಸಡಿಲವಾಗುತ್ತದೆ, ರಕ್ತ ಓಡಾಡುತ್ತದೆ, ನೋವಿನ ಅರಿವು ತಗ್ಗುತ್ತದೆ. ಹೊಸದಾಗಿ ಹಿಡಿದ ಸೊಂಟ ನೋವಿಗೆ ಶಾಖ ಕೆಲವು ದಿನಗಳ ಮಟ್ಟಿಗೆ ಹಿತ ಕೊಡುತ್ತದೆಂಬುದು ಪರೀಕ್ಷೆಗಳಲ್ಲಿಯೂ ಕಂಡಿದೆ. ಕಲ್ಲುಪ್ಪು, ಮರಳು ಅಥವಾ ಹುರುಳಿ ಕಾಳನ್ನು ಬಾಣಲೆಯಲ್ಲಿ ಹುರಿದು ದಪ್ಪ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತಬಹುದು. ನನ್ನ ಅನುಭವದಲ್ಲಿ ಹುರುಳಿಯ ಗಂಟು ಒಳ್ಳೆಯದು. ಬಿಸಿ ಬೇಗ ಆರದು, ಮೈಗೆ ಒತ್ತಿದಂತೆ ಕೂರುತ್ತದೆ, ಅದೇ ಕಾಳನ್ನು ಮತ್ತೆ ಮತ್ತೆ ಬಳಸಬಹುದು.

ಲಕ್ಕಿ ಸೊಪ್ಪಿನ ಶಾಖ ನಮ್ಮ ಹಳ್ಳಿಗಳಲ್ಲಿ ಪ್ರಸಿದ್ಧ. ಆಯುರ್ವೇದದಲ್ಲಿ ಇದಕ್ಕೆ ನಿರ್ಗುಂಡಿ ಎಂಬ ಹೆಸರು. ಕಪಿಲೆಯ ದಂಡೆಯಲ್ಲಿ, ನಾಲೆಯ ಏರಿಯಲ್ಲಿ, ಬೇಲಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಎರಡು ಹಿಡಿ ಹಸಿ ಎಲೆಯನ್ನು ಹರಿದು, ಕಬ್ಬಿಣದ ಬಾಣಲೆಯಲ್ಲಿ ಒಂದೆರಡು ಚಮಚ ಹರಳೆಣ್ಣೆ ಹಾಕಿ ಬಾಡುವವರೆಗೆ ಹುರಿಯಿರಿ. ಬಟ್ಟೆಯಲ್ಲಿ ಕಟ್ಟಿ, ಮೊದಲು ನಿಮ್ಮ ಮುಂಗೈಗೆ ಮುಟ್ಟಿಸಿ ಬಿಸಿ ನೋಡಿ, ಆಮೇಲೆ ಸೊಂಟದ ಎರಡು ಪಕ್ಕಕ್ಕೂ ಹದಿನೈದು ಇಪ್ಪತ್ತು ನಿಮಿಷ ಒತ್ತಿ ತೆಗೆಯುತ್ತ ಹೋಗಿ. ಆರಿದರೆ ಮತ್ತೆ ಬಿಸಿ ಮಾಡಿ. ದಿನಕ್ಕೆ ಎರಡು ಸಲ ಸಾಕು. ಲಕ್ಕಿ ಸಿಗದಿದ್ದರೆ ಹರಳು ಗಿಡದ ಎಲೆ ಆಗುತ್ತದೆ. ಲಕ್ಕಿ ಅಥವಾ ಹುಣಸೆ ಸೊಪ್ಪನ್ನು ಹಂಡೆಯಲ್ಲಿ ಕುದಿಸಿ ಮೀಯುವುದು ನಾಟಿಯ ದಿನಗಳಲ್ಲಿ ಮೈಕೈ ನೋವಿಗೆ ಬಹಳ ಹಿತ. ಹಿತ ಕೊಡುವುದರಲ್ಲಿ ಸೊಪ್ಪಿನ ಪಾಲೆಷ್ಟು, ಬಿಸಿನೀರಿನ ಪಾಲೆಷ್ಟು ಎಂದು ನನ್ನನ್ನು ಕೇಳಿದರೆ, ಬಿಸಿಯ ಪಾಲು ದೊಡ್ಡದೆಂದೇ ಹೇಳುತ್ತೇನೆ. ಅದರಿಂದ ಸೊಪ್ಪಿನ ಮರ್ಯಾದೆ ಕಡಿಮೆಯಾಗಬೇಕಿಲ್ಲ.

ಬೇಸಾಯ ಶಾಸ್ತ್ರದವನಾಗಿ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಔಷಧಿ ಹೊಡೆದ ಗದ್ದೆಯ ಬದುವಿನ ಸೊಪ್ಪನ್ನು ಕೊಯ್ಯಬೇಡಿ. ಭತ್ತಕ್ಕೋ ಹತ್ತಿಗೋ ಹೊಡೆದ ಕೀಟನಾಶಕ, ಬದುವಿಗೆ ಹೊಡೆದ ಕಳೆನಾಶಕ ಲಕ್ಕಿಯ ಎಲೆಯ ಮೇಲೂ ಬಿದ್ದಿರುತ್ತದೆ. ಬಿಸಿ ಮಾಡಿ ಚರ್ಮಕ್ಕೆ ಒತ್ತಿದರೆ ಅದು ಮೈಗೆ ಇಳಿಯುವುದು ಸುಲಭ. ಹಿತ್ತಲಿನ ಗಿಡದ ಸೊಪ್ಪು ಉತ್ತಮ. ಔಷಧಿಯ ಖಾಲಿ ಡಬ್ಬಿಗಳಲ್ಲಿ ನೀರು ಕಾಯಿಸುವ, ಎಣ್ಣೆ ತುಂಬಿಡುವ ಅಭ್ಯಾಸವನ್ನು ಎಷ್ಟು ಬೈದರೂ ಸಾಲದು.

ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಸ್ವಲ್ಪ ಕರ್ಪೂರ ಬೆರೆಸಿ ಮೃದುವಾಗಿ ನೀವುವುದು ಒಳ್ಳೆಯದು. ನೀಲಗಿರಿ ಎಣ್ಣೆಯನ್ನೂ ಹೀಗೆಯೇ ಬೇರೆ ಎಣ್ಣೆಯಲ್ಲಿ ಬೆರೆಸಿಯೇ ಹಚ್ಚಬೇಕು. ಈ ಎಣ್ಣೆಗಳು ಮಕ್ಕಳ ಕೈಗೆ ಸಿಗಕೂಡದು. ಕರ್ಪೂರ ಹೊಟ್ಟೆಗೆ ಹೋದರೆ ಎಳೆಯ ಮಕ್ಕಳಿಗೆ ಫಿಟ್ಸ್ ಬರುತ್ತದೆ. ಎಕ್ಕದ ಎಲೆಯ ಶಾಖವನ್ನು ಕೆಲವರು ಹೇಳುತ್ತಾರೆ. ಅದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಚರ್ಮವೂ ಬೊಬ್ಬೆ ಏಳುತ್ತದೆ. ಲಕ್ಕಿ ಇರುವಾಗ ಎಕ್ಕಕ್ಕೆ ಹೋಗುವ ಅಗತ್ಯ ನನಗೆ ಕಾಣದು. ಹಾಲಿಗೆ ಅರಿಸಿನ, ಶುಂಠಿ ಹಾಕಿ ಕುಡಿಯುವುದರಿಂದ ತೊಂದರೆಯಿಲ್ಲ, ಅದ್ಭುತವನ್ನೂ ನಿರೀಕ್ಷಿಸಬೇಡಿ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಅರಿಸಿನವನ್ನು ಔಷಧಿಯಂತೆ ಹೆಚ್ಚಾಗಿ ಸೇವಿಸುವ ಮೊದಲು ವೈದ್ಯರನ್ನು ಕೇಳಬೇಕು.

ಸಕ್ಕರೆ ಕಾಯಿಲೆಯವರಿಗೆ ಚರ್ಮದ ಸ್ಪರ್ಶ ತಗ್ಗಿರುವುದುಂಟು. ಅವರಿಗೆ ಶಾಖ ಕೊಡುವಾಗ ಬಿಸಿಯನ್ನು ಬೇರೆಯವರು ನೋಡಬೇಕು, ಇಲ್ಲದಿದ್ದರೆ ಸುಟ್ಟದ್ದೇ ತಿಳಿಯುವುದಿಲ್ಲ. ಕೆಂಪಾಗಿ ಊದಿದ ಜಾಗಕ್ಕೆ, ಗಾಯಕ್ಕೆ ಶಾಖ ಕೂಡದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವ ಉಪಚಾರವನ್ನೂ ಮಾಡಿಕೊಳ್ಳಬಾರದು. ಸಂತೆಗಳಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ, ಒಂದೇ ದಿನದಲ್ಲಿ ನೋವು ಮಾಯ ಮಾಡುವ ಪುಡಿಗಳಿಂದ ದೂರವಿರಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾದದ್ದುಂಟು. ಸ್ಟೀರಾಯ್ಡ್ ಮೂಳೆಯನ್ನು ಟೊಳ್ಳು ಮಾಡುತ್ತದೆ, ಬೆನ್ನಿನ ಮದ್ದೇ ಬೆನ್ನನ್ನು ತಿನ್ನುತ್ತದೆ. ಆಯುರ್ವೇದದಲ್ಲಿ ನಂಬಿಕೆಯಿದ್ದರೆ ಮೈಸೂರಿನಲ್ಲಿ 1908ರಿಂದ ನಡೆದುಬಂದಿರುವ ಸರ್ಕಾರಿ ಆಯುರ್ವೇದ ಕಾಲೇಜಿದೆ, ಅಲ್ಲಿ ತೋರಿಸಿ.

ಅಂಗಡಿಯ ನೋವಿನ ಮಾತ್ರೆಯ ಬಗ್ಗೆಯೂ ಒಂದು ಮಾತು. ನಾಟಿಯ ಕಾಲದಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಡೈಕ್ಲೋಫೆನಾಕ್ ಮಾತ್ರೆ ನುಂಗಿ ಗದ್ದೆಗೆ ಇಳಿಯುವವರನ್ನು ಕಂಡಿದ್ದೇನೆ. ಈ ಔಷಧಿಯನ್ನು ದನಗಳಿಗೆ ಕೊಟ್ಟು, ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಲಕ್ಷಾಂತರ ಸಂಖ್ಯೆಯಲ್ಲಿ ಸತ್ತದ್ದರಿಂದ, ಪಶುಗಳಿಗೆಂದು ಅದನ್ನು ತಯಾರಿಸುವುದನ್ನು ನಮ್ಮ ಸರ್ಕಾರ 2006ರಲ್ಲಿ ನಿಷೇಧಿಸಿತು. ಮನುಷ್ಯರು ಹದ್ದುಗಳಲ್ಲ, ವೈದ್ಯರು ಹೇಳಿದಷ್ಟು ದಿನ ನುಂಗಬಹುದು. ವಾರಗಟ್ಟಲೆ, ಅದೂ ನೀರು ಕುಡಿಯದೆ ಬಿಸಿಲಿನಲ್ಲಿ ದುಡಿಯುತ್ತ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ನಮ್ಮ ಮೂತ್ರಪಿಂಡಕ್ಕೂ ಕೇಡು ತಪ್ಪಿದ್ದಲ್ಲ.

ಸೊಪ್ಪಿಗೆ ಬಗ್ಗದ ನೋವು

ಇನ್ನು ಮುಂದಿನದನ್ನು ಸ್ವಂತ ಮನೆಯ ಮಾತಾಗಿ ಹೇಳುತ್ತೇನೆ. ನನ್ನ ತಾಯಿ ಟಿ. ನರಸೀಪುರ ತಾಲ್ಲೂಕಿನವರು. ನಮ್ಮದು ಎರಡು ಎಕರೆ ಗದ್ದೆ. ಅವರು ಅದರಲ್ಲಿಯೂ ಬೇರೆಯವರ ಗದ್ದೆಗಳಲ್ಲಿಯೂ ಸುಮಾರು ನಲವತ್ತು ವರ್ಷ ನಾಟಿ ಮಾಡಿದರು. ಒಂದು ಕಾರ್ತಿಕದಲ್ಲಿ ಸೊಂಟದಿಂದ ಎಡಗಾಲಿಗೆ ನೋವು ಇಳಿಯಿತು. "ವಾಯು ಹಿಡಿದಿದೆ" ಎಂದರು. ಲಕ್ಕಿ ಸೊಪ್ಪಿನ ಶಾಖ ಕೊಟ್ಟೆವು, ನೋವು ತಗ್ಗಿತು. ನಾವು ಸಂತೋಷಪಟ್ಟೆವು. ಆದರೆ ನಡೆಯುವಾಗ ಅವರ ಎಡಗಾಲಿನ ಚಪ್ಪಲಿ ತಾನಾಗಿ ಜಾರಿ ಹಿಂದುಳಿಯತೊಡಗಿತು. ಅವ್ವ ಚಪ್ಪಲಿ ಸಡಿಲವೆಂದು ಹೊಸದು ಕೊಂಡರು. ಅದೂ ಜಾರಿತು. ಪಕ್ಕದ ಊರಿನ ಒಬ್ಬರಿಂದ ಬೆನ್ನು ತುಳಿಸಿದ್ದೂ ಆಯಿತು. ಸುಗ್ಗಿ ಮುಗಿಸಿ, ಎರಡು ತಿಂಗಳ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ಪಾದವನ್ನು ಮೇಲಕ್ಕೆತ್ತಲು ಹೇಳಿದರು. ಅವ್ವನಿಗೆ ಆಗಲಿಲ್ಲ. ಡಿಸ್ಕ್ ಸರಿದು ನರವನ್ನು ಒತ್ತಿ, ಪಾದವನ್ನು ಎತ್ತುವ ಸ್ನಾಯುವಿಗೆ ನರದ ಆಧಾರ ತಪ್ಪಿತ್ತು. ಶಸ್ತ್ರಚಿಕಿತ್ಸೆಯಾಯಿತು. ಕಾಲು ಪೂರ್ತಿ ಬರಲಿಲ್ಲ. ಇಂದಿಗೂ ಅವರು ಎಡಗಾಲನ್ನು ಎಳೆದೇ ನಡೆಯುತ್ತಾರೆ. ಆ ತಪ್ಪು ಸೊಪ್ಪಿನದಲ್ಲ. ನೋವು ಕಡಿಮೆಯಾದದ್ದನ್ನು ರೋಗ ಕಡಿಮೆಯಾದದ್ದೆಂದು ತಿಳಿದ ನಮ್ಮದು, ಮುಖ್ಯವಾಗಿ ಓದಿದ ಮಗನಾದ ನನ್ನದು.

ಆದ್ದರಿಂದ ಇದನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಕಾಲಿನಲ್ಲಿ ಬಲ ತಗ್ಗಿದರೆ, ಚಪ್ಪಲಿ ಜಾರಿದರೆ, ಹಿಮ್ಮಡಿಯ ಮೇಲೆ ನಿಂತು ನಡೆಯಲು ಆಗದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದರೆ ಅದೇ ದಿನ, ಅದು ರಾತ್ರಿಯಾದರೂ ಸರಿ, ಹೊರಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅವರು ಹೇಳಿದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಹೋಗಿ. ಸಂಜೆಯ ಜ್ವರ, ಮೈ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ಬೆನ್ನು ನೋವು ಸೇರಿದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಪಕ್ಕೆಯಿಂದ ತೊಡೆಸಂದಿಗೆ ಅಲೆಯಲೆಯಾಗಿ ಬರುವ ನೋವು ಮೂತ್ರಪಿಂಡದ ಕಲ್ಲಿನದಿರಬಹುದು. ವಯಸ್ಸಾದ ಹೆಂಗಸರಲ್ಲಿ ಸಣ್ಣಗೆ ಜಾರಿ ಬಿದ್ದ ಮೇಲೆ ಹಿಡಿದ ನೋವು ಮೂಳೆ ಕುಸಿದದ್ದರಿಂದ ಬಂದಿರಬಹುದು.

ಗದ್ದೆಯವರಿಗೆ ವಿಶೇಷವಾಗಿ ಇನ್ನೊಂದು: ಕೆಸರಿನ ಕೆಲಸದ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂತೆ ಜ್ವರ, ಬೆನ್ನು ಮತ್ತು ಮೀನಖಂಡದ ತೀವ್ರ ನೋವು, ಕೆಂಪು ಕಣ್ಣು ಕಂಡರೆ ಅದು ಇಲಿ ಜ್ವರವಿರಬಹುದು. ಇಲಿಯ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಬರುವ ರೋಗವಿದು. ಬೇಗ ತೋರಿಸಿದರೆ ಔಷಧಿಯಿಂದ ಗುಣವಾಗುತ್ತದೆ, ಬಿಟ್ಟರೆ ಪ್ರಾಣಕ್ಕೇ ಬರುತ್ತದೆ.

ಗದ್ದೆಯ ಮದ್ದು

ಶಾಖದಿಂದ ಇಂದಿನ ನೋವು ತಗ್ಗಬಹುದು. ನಾಳೆ ಮತ್ತೆ ಹದಿನೇಳು ಸಾವಿರ ಸಲ ಕೈ ಇಳಿಯುವುದಾದರೆ ಯಾವ ಸೊಪ್ಪು ತಾನೆ ಏನು ಮಾಡೀತು? ನನ್ನ ಶಾಸ್ತ್ರಕ್ಕೆ ಕೆಲಸವಿರುವುದು ಇಲ್ಲಿ.

ಮಡಗಾಸ್ಕರ್ ದ್ವೀಪದಲ್ಲಿ 1980ರ ದಶಕದಲ್ಲಿ ರೂಪುಗೊಂಡ, ನಮ್ಮಲ್ಲಿ ಶ್ರೀ ಪದ್ಧತಿ ಎಂದು ಕರೆಯುವ ಬೇಸಾಯದಲ್ಲಿ 25 × 25 ಸೆಂ.ಮೀ. ಅಂತರದಲ್ಲಿ ಒಂದೊಂದೇ ಎಳೆಯ ಸಸಿ ನೆಡುತ್ತಾರೆ. ಚದರ ಮೀಟರಿಗೆ 16 ಬುಡ, ಎಕರೆಗೆ ಸುಮಾರು 65 ಸಾವಿರ. ಬುಡಗಳು ಮೂರನೆಯ ಒಂದು ಭಾಗಕ್ಕೂ ಇಳಿದವು. ನೀರು ಉಳಿತಾಯ, ಬೀಜ ಉಳಿತಾಯ ಎಂದು ಈ ಪದ್ಧತಿಯನ್ನು ಎಷ್ಟೋ ಸಲ ಭಾಷಣ ಮಾಡಿ ಹೊಗಳಿದ್ದೇನೆ. ನಡು ಉಳಿತಾಯ ಎಂದು ಒಮ್ಮೆಯೂ ಹೇಳಿರಲಿಲ್ಲ. ಹಾಗೆಂದು ಕಷ್ಟವಿಲ್ಲದಿಲ್ಲ. 8ರಿಂದ 12 ದಿನದ ಸಸಿಯನ್ನು ಬೇರು ಹರಿಯದಂತೆ ನೆಡಲು ಕೈ ನಿಧಾನವಾಗುತ್ತದೆ, ಮೊದಲ ವರ್ಷ ಆಳುಗಳು ಗೊಣಗುತ್ತಾರೆ. ಗದ್ದೆ ಚೆನ್ನಾಗಿ ಮಟ್ಟವಾಗಿರಬೇಕು, ನೀರು ಬೇಕೆಂದಾಗ ಕಟ್ಟುವ, ಬೇಡವೆಂದಾಗ ಬಸಿಯುವ ಅನುಕೂಲವಿರಬೇಕು. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಹಾಯುವ ಜಾಗದಲ್ಲಿ ಇದು ಸುಲಭವಲ್ಲ.

ಈ ಪದ್ಧತಿಯ ದೊಡ್ಡ ಲಾಭ ಕಳೆಯಲ್ಲಿದೆ. ಎರಡು ಕಡೆಯೂ ಸಾಲು ನೇರವಾಗಿರುವುದರಿಂದ ಕೋನೋ ವೀಡರನ್ನು ನಿಂತುಕೊಂಡೇ ತಳ್ಳಬಹುದು. ಬಗ್ಗಿ ಕಳೆ ಕೀಳುವುದು ಬಹುಮಟ್ಟಿಗೆ ತಪ್ಪುತ್ತದೆ. ಹಿಡಿಯನ್ನು ತಳ್ಳುವವರ ಎತ್ತರಕ್ಕೆ ಹೊಂದಿಸಿಕೊಳ್ಳಬೇಕು. ಗಂಡಸಿನ ಎತ್ತರಕ್ಕೆ ಕೂಡಿಸಿದ ಹಿಡಿಯನ್ನು ಹೆಂಗಸಿನ ಕೈಗೆ ಕೊಟ್ಟರೆ ಬೆನ್ನಿನ ನೋವು ಹೆಗಲಿಗೆ ಬರುತ್ತದೆ. ಜಿಗುಟು ಮಣ್ಣಿನಲ್ಲಿ ಅದನ್ನು ತಳ್ಳುವುದು ಹಗುರದ ಕೆಲಸವಲ್ಲ, ಅರ್ಧ ಗಂಟೆಗೊಮ್ಮೆ ಆಳು ಬದಲಾಗಲಿ. ಮಳೆಯಾಶ್ರಯದ ಹೊಲಗಳಲ್ಲಿಯೂ ಕುಳಿತು ಬಗ್ಗಿ ಕಳೆ ತೆಗೆಯುವ ಬದಲು ಸಾಲಿನ ನಡುವೆ ಎಡೆಕುಂಟೆ ಹೊಡೆಯುವುದು, ಉದ್ದ ಹಿಡಿಯ ಕೈಕುಂಟೆ ಬಳಸುವುದು ಒಳ್ಳೆಯದು.

ಮೊಳಕೆ ಬರಿಸಿದ ಬೀಜವನ್ನು ಡ್ರಮ್ ಸೀಡರಿನಲ್ಲಿ ಸಾಲಾಗಿ ಬಿತ್ತಿದರೆ ಒಟ್ಲು ಹಾಕುವುದು, ಪೈರು ಕೀಳುವುದು, ನಾಟಿ ಮೂರೂ ಇಲ್ಲ. ಬಿತ್ತಿದ ಒಂದೆರಡು ದಿನದಲ್ಲಿ ಜೋರು ಮಳೆ ಬಂದರೆ ಬೀಜ ಕೊಚ್ಚಿಹೋಗುತ್ತದೆಂಬುದನ್ನೂ, ಕಳೆ ಮೊದಲೇ ಏಳುತ್ತದೆಂಬುದನ್ನೂ ನೆನಪಿಡಬೇಕು. ನೀರು ಕಡಿಮೆಯಿರುವ ನಾಲೆಯ ಕೊನೆಯ ಭಾಗದವರು ಕೆಸರು ಮಾಡದೆ ಬಿತ್ತುವ ಏರೋಬಿಕ್ ಪದ್ಧತಿಯನ್ನು ನೋಡಬಹುದು. ಇದಕ್ಕೆಂದೇ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ 2007ರಲ್ಲಿ ಎಂ.ಎ.ಎಸ್. 946-1 ತಳಿಯನ್ನು ಬಿಡುಗಡೆ ಮಾಡಿತು. ನಾಟಿ ಯಂತ್ರ ಬೇಕಾದವರು ಚಾಪೆ ಸಸಿಮಡಿ ಹಾಕುವ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಇಲ್ಲವೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ. ಸಸಿ ಬೆಳೆದ ಮೇಲೆ ಯಂತ್ರ ಹುಡುಕಿದರೆ ಫಲವಿಲ್ಲ.

ಕೈನಾಟಿಯೇ ಆಗಬೇಕಾದಲ್ಲಿ ಸಣ್ಣ ಸಣ್ಣ ಮಾರ್ಪಾಡುಗಳಿಂದ ಲಾಭವುಂಟು. ಅನುಭವಸ್ಥ ಹೆಂಗಸರನ್ನು ಗಮನಿಸಿ ನೋಡಿ. ಪೈರಿನ ಕಟ್ಟು ಹಿಡಿದ ಎಡಗೈಯನ್ನು ಎಡತೊಡೆಯ ಮೇಲೆ ಊರಿಕೊಂಡಿರುತ್ತಾರೆ. ಮೇಲುಮೈಯ ಭಾರದ ಒಂದು ಪಾಲು ತೊಡೆಗೆ ಇಳಿಯುತ್ತದೆ, ಸೊಂಟಕ್ಕೆ ಅಷ್ಟು ಬಿಡುವು. ಹೊಸಬರಿಗೆ ಇದನ್ನು ಕಲಿಸಬೇಕು. ಪೈರಿನ ಕಟ್ಟುಗಳನ್ನು ಗದ್ದೆಯಲ್ಲಿ ಹತ್ತಿರ ಹತ್ತಿರವಾಗಿ ಎಸೆದಿಟ್ಟರೆ ಬಗ್ಗಿದ ಸ್ಥಿತಿಯಲ್ಲಿಯೇ ಮೈ ತಿರುಚಿ ಎಟುಕಿಸಿಕೊಳ್ಳುವುದು ತಪ್ಪುತ್ತದೆ. ಬಗ್ಗಿ ತಿರುಚುವುದು ಬೆನ್ನಿಗೆ ಬಲು ಕೆಟ್ಟದ್ದು. ಅರ್ಧ ಗಂಟೆಗೊಮ್ಮೆಯಾದರೂ ಎಲ್ಲರೂ ಎದ್ದುನಿಂತು, ಸೊಂಟದ ಮೇಲೆ ಕೈಯಿಟ್ಟು, ಮೆಲ್ಲಗೆ ಐದು ಸಲ ಹಿಂದಕ್ಕೆ ಬಾಗಬೇಕು. ಎರಡು ನಿಮಿಷದ ಮಾತು. ಇದನ್ನು ಸೋಮಾರಿತನವೆಂದು ಕೂಗುವ ಗದ್ದೆಯ ಯಜಮಾನರು ಒಂದು ದಿನ ಕೆಸರಿಗಿಳಿದು ನೋಡಬೇಕು.

ಹೊರೆಯ ವಿಷಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಗಂಡಾಳು ಒಬ್ಬನು ಹೊರುವ ಭಾರ 55 ಕೆ.ಜಿ. ಮೀರಬಾರದು, ಹೆಂಗಸರದು ಅದಕ್ಕಿಂತ ಬಹಳ ಕಡಿಮೆಯಿರಬೇಕು ಎಂದು ಹೇಳಿತು. ನಮ್ಮಲ್ಲಿ ಭತ್ತದ ಚೀಲವನ್ನು 70 ಕೆ.ಜಿ. ಮೀರಿ ತುಂಬುವುದುಂಟು. ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕೆ.ಜಿ.ಗೆ ಇಳಿಯಿತು. ಅದು ಬೆನ್ನಿಗಾಗಿ ಆದದ್ದಲ್ಲ, ಬೆನ್ನಿಗೆ ಒಳ್ಳೆಯದೇ ಆಯಿತು. ನಿಮ್ಮ ಮನೆಯ ಚೀಲಗಳನ್ನು ಸಣ್ಣದು ಮಾಡಿ ಎರಡು ಸಲ ಹೊರಿ. ಎತ್ತುವಾಗ ಮೊಣಕಾಲು ಬಾಗಲಿ, ಭಾರ ಎದೆಗೆ ಅಂಟಿರಲಿ. ಹಿಪ್ಪುನೇರಳೆ ಸೊಪ್ಪಿನ ಹೊರೆಗೂ, ಕಬ್ಬಿನ ಕಟ್ಟಿಗೂ ಇದೇ ಮಾತು.

ಹುಲ್ಲಹಳ್ಳಿ ನಾಲೆಯ ಆ ಅಜ್ಜಿಯನ್ನು ಮರುವರ್ಷ ಮತ್ತೆ ಕಂಡೆ. ನನ್ನ ಲೆಕ್ಕವನ್ನು ಹೇಳಿ, ಯಂತ್ರದ ಮಾತನ್ನೂ ಹೇಳಿದೆ. ಅವರು ಕೇಳಿಸಿಕೊಂಡು, "ನಡ ಉಳೀತದೆ ಸ್ವಾಮಿ, ಸರಿ. ಕೂಲಿ?" ಎಂದರು. ಮಳೆಯಾಶ್ರಯದ ಊರುಗಳಿಂದ ಗೂಡ್ಸ್ ಆಟೋದಲ್ಲಿ ತುಂಬಿಕೊಂಡು ಬರುವ ನಾಟಿ ಹೆಂಗಸರಿಗೆ ಆ ಕೆಲವು ವಾರಗಳ ಕೂಲಿಯೇ ವರ್ಷದ ದೊಡ್ಡ ಕಾಸು. ಯಂತ್ರ ಬಾಡಿಗೆಗೆ ತರುವ ರೈತನಿಗೆ ಈ ಪ್ರಶ್ನೆ ಏಳುವುದಿಲ್ಲ. ಸ್ತ್ರೀಶಕ್ತಿ ಸಂಘದವರೇ ವೀಡರುಗಳನ್ನೂ ನಾಟಿ ಯಂತ್ರವನ್ನೂ ಇಟ್ಟುಕೊಂಡು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿಯಬಹುದೆಂದು ನಾನು ಹೇಳಿದೆ. "ಸಾಲ ತೀರೋವರೆಗೂ ನಮ್ ನಡ ಇರ್ತದಾ?" ಎಂದು ಅವರು ಮತ್ತೆ ನಕ್ಕರು. ಅದಕ್ಕೂ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ.

ಕಡೆಯದಾಗಿ ಲಕ್ಕಿಯ ಬಗ್ಗೆ. ನಾಲೆಯ ಏರಿಯನ್ನು ಸವರಿ ಅಗಲ ಮಾಡಿದ ಕಡೆಗಳಲ್ಲಿ ಈ ಗಿಡ ಕಡಿಮೆಯಾಗುತ್ತಿದೆ. ಬೇಲಿಗೆ ಹಾಕಿಕೊಳ್ಳುವುದು ಬಹಳ ಸುಲಭ. ಮುಂಗಾರು ಹಿಡಿದ ಮೇಲೆ ಹೆಬ್ಬೆರಳು ದಪ್ಪದ, ಒಂದು ಮೊಳ ಉದ್ದದ ಬಲಿತ ಕಡ್ಡಿಗಳನ್ನು ಓರೆಯಾಗಿ ಕತ್ತರಿಸಿ, ಎರಡು ಮೂರು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಎರಡಡಿಗೆ ಒಂದರಂತೆ ನೆಡಿ. ಬುಡದ ಮಣ್ಣನ್ನು ಕಾಲಿನಿಂದ ಒತ್ತಿ. ದನಕರು ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಒಣಗಿದ ಎಲೆಯನ್ನು ಭತ್ತ, ಹುರುಳಿಯ ಚೀಲಗಳ ನಡುವೆ ಹುಳುವಿಗೆಂದು ಇಡುವುದು ಹಳೆಯ ವಾಡಿಕೆ. ಬಲಿತ ಕಡ್ಡಿಯಲ್ಲಿ ಮಂಕರಿ ಹೆಣೆಯಬಹುದು. ಹೆಣೆಯುವವರಿಗೆ ಸ್ವಲ್ಪ ಸಣ್ಣ ಮಂಕರಿಯನ್ನೇ ಹೆಣೆಯಲು ಹೇಳಿ.